ಹುಡುಗನ ಕೈ ಕಾಯ್ದ ಮೇಷ್ಟ್ರು

2019ರ ಜುಲೈ 25. ಜಪಾನಿನ ಈಶಾನ್ಯಕ್ಕಿರುವ ಇವಾತೆ ಪ್ರಾಂತ್ಯದ ಮೊರಿಯೊಕಾ ನಗರ. ನಡೆಯಬೇಕಿದ್ದದ್ದು ಹೈಸ್ಕೂಲು ಹುಡುಗರ ಬೇಸ್‌ಬಾಲ್ ಫೈನಲ್. ಜನ ಬಂದದ್ದು ಮುಖ್ಯವಾಗಿ ಒಬ್ಬ ಹುಡುಗನನ್ನು ನೋಡಲು. ಅವನು ಓಫುನಾಟೊ ಸರ್ಕಾರಿ ಹೈಸ್ಕೂಲಿನ ರೋಕಿ ಸಸಾಕಿ, ವಯಸ್ಸು ಹದಿನೇಳು. ಅದೇ ಏಪ್ರಿಲ್‌ನಲ್ಲಿ ಅವನು ಗಂಟೆಗೆ 163 ಕಿಲೋಮೀಟರ್ ವೇಗದಲ್ಲಿ ಚೆಂಡು ಎಸೆದಿದ್ದ. ಫೈನಲ್ ಗೆದ್ದರೆ ಶಾಲೆಗೆ ಕೋಶಿಯೆನ್ ಬಾಗಿಲು ತೆರೆಯುತ್ತಿತ್ತು. ಆದರೆ ಆಡುವವರ ಪಟ್ಟಿ ಹೊರಬಂದಾಗ ಅದರಲ್ಲಿ ಸಸಾಕಿಯ ಹೆಸರೇ ಇರಲಿಲ್ಲ.

ಕೋಶಿಯೆನ್ ಎಂದರೇನು ಎಂದು ಜಪಾನಿನಲ್ಲಿ ಯಾರಿಗೂ ಬಿಡಿಸಿ ಹೇಳಬೇಕಿಲ್ಲ. 1915ರಲ್ಲಿ ಶುರುವಾದ ಈ ಬೇಸಿಗೆಯ ಪಂದ್ಯಾವಳಿ ಹೈಸ್ಕೂಲು ಹುಡುಗರದ್ದಾದರೂ ಇಡೀ ದೇಶ ಟೀವಿ ಮುಂದೆ ಕೂರುತ್ತದೆ. ಒಮ್ಮೆ ಸೋತರೆ ಮುಗಿಯಿತು. ಸೋತ ಹುಡುಗರು ಅಳುತ್ತಾ ಮೈದಾನದ ಮಣ್ಣನ್ನು ಚೀಲಕ್ಕೆ ತುಂಬಿಕೊಂಡು ಊರಿಗೆ ಒಯ್ಯುತ್ತಾರೆ. ಓಫುನಾಟೊ ಶಾಲೆ ಅಲ್ಲಿಗೆ ಕೊನೆಯ ಸಲ ಹೋಗಿದ್ದು 1984ರಲ್ಲಿ. ಮೂವತ್ತೈದು ವರ್ಷ ಕಾದ ಊರು ಅದು. 2011ರ ಸುನಾಮಿಯಲ್ಲಿ ಕೊಚ್ಚಿಹೋಗಿ ಮತ್ತೆ ಕಟ್ಟಿಕೊಳ್ಳುತ್ತಿದ್ದ ಊರು. ಸಸಾಕಿ ತಂದೆಯನ್ನೂ ಅಜ್ಜ ಅಜ್ಜಿಯನ್ನೂ ಕಳೆದುಕೊಂಡದ್ದು ಆ ಸುನಾಮಿಯಲ್ಲೇ. ದೊಡ್ಡ ದೊಡ್ಡ ಶಾಲೆಗಳು ಕರೆದರೂ ಹೋಗದೆ, ಬಾಲ್ಯದ ಗೆಳೆಯರ ಜೊತೆಗೇ ಕೋಶಿಯೆನ್‌ಗೆ ಹೋಗಬೇಕೆಂದು ಅವನು ಅಲ್ಲೇ ಉಳಿದಿದ್ದ.

ಅವನನ್ನು ಆಡಿಸಬಾರದೆಂದು ತೀರ್ಮಾನಿಸಿದ್ದು ಕೋಚ್ ಯೊಹೇ ಕೊಕುಬೊ. ಆಗ ಅವರಿಗೆ ಮೂವತ್ತೆರಡು ವರ್ಷ, ಅದೇ ಶಾಲೆಯಲ್ಲಿ ಮೇಷ್ಟ್ರು. ಅವರ ಮುಂದಿದ್ದ ಲೆಕ್ಕ ಹೀಗಿತ್ತು: ಜುಲೈ 21ರಂದು ಹನ್ನೆರಡು ಇನಿಂಗ್ಸ್ ನಡೆದ ಪಂದ್ಯದಲ್ಲಿ ಸಸಾಕಿ ಒಬ್ಬನೇ 194 ಚೆಂಡು ಎಸೆದಿದ್ದ. ಮರುದಿನ ಅವನನ್ನು ಕೂರಿಸಿಯೂ ತಂಡ ಹೇಗೋ ಗೆದ್ದಿತ್ತು. 24ರ ಸೆಮಿಫೈನಲ್‌ನಲ್ಲಿ ಮತ್ತೆ 129 ಚೆಂಡು. ಅದರ ಮಾರನೆಯ ದಿನವೇ ಫೈನಲ್.

ಕ್ರಿಕೆಟ್ ನೋಡಿ ಬೆಳೆದವರಿಗೆ ಈ ಸಂಖ್ಯೆಗಳ ಭಾರ ಥಟ್ಟನೆ ತಿಳಿಯುವುದಿಲ್ಲ. ಬೇಸ್‌ಬಾಲ್‌ನಲ್ಲಿ ಓವರ್ ಎಂಬುದಿಲ್ಲ. ಆರು ಚೆಂಡಿಗೆ ಬೌಲರ್ ಬದಲಾಗಬೇಕೆಂಬ ನಿಯಮವಿಲ್ಲ. ಒಬ್ಬನೇ ಇಡೀ ಪಂದ್ಯ ಎಸೆಯಬಹುದು. ಓಡಿಬಂದು ಎಸೆಯುವಂತಿಲ್ಲ, ದಿಬ್ಬದ ಮೇಲೆ ನಿಂತ ಜಾಗದಿಂದಲೇ ಎಸೆಯಬೇಕು. ಕೈ ಮಡಚಿ ಚಾಟಿಯಂತೆ ಬೀಸುವಾಗ ಮೊಣಕೈಯ ಒಳಬದಿಯ ಲಿಗಮೆಂಟ್ ಪ್ರತಿ ಎಸೆತಕ್ಕೂ ಜಗ್ಗುತ್ತದೆ. ದೊಡ್ಡವರಲ್ಲಿ ಕೊನೆಗೆ ಆ ಲಿಗಮೆಂಟೇ ಹರಿಯುತ್ತದೆ. ಎಳೆಯರಲ್ಲಿ ಅದಕ್ಕೂ ಮೊದಲು ಪೆಟ್ಟು ತಿನ್ನುವುದು ಇನ್ನೂ ಬೆಳೆಯುತ್ತಿರುವ ಮೂಳೆತುದಿಯ ಮೆದುಭಾಗ. ಹೊರಗೆ ಬಾವಿಲ್ಲ, ಗಾಯವಿಲ್ಲ. ಹುಡುಗ ಬಾಯಿ ಬಿಟ್ಟು ಹೇಳಿದರಷ್ಟೇ ಗೊತ್ತಾಗಬೇಕು, ಅವನೋ ಹೇಳುವುದಿಲ್ಲ.

ಹರಿದ ಲಿಗಮೆಂಟಿಗೆ ಔಷಧಿ ಸಿಕ್ಕಿದ್ದು 1974ರಲ್ಲಿ. ಲಾಸ್ ಏಂಜಲೀಸಿನ ಡಾ. ಫ್ರ್ಯಾಂಕ್ ಜೋಬ್, ಟಾಮಿ ಜಾನ್ ಎಂಬ ಆಟಗಾರನ ಒಂದು ಕೈಯ ಸ್ನಾಯುರಜ್ಜುವನ್ನು ತೆಗೆದು ಇನ್ನೊಂದು ಮೊಣಕೈಗೆ ಹೊಲಿದರು. ಟಾಮಿ ಜಾನ್ 1976ರಲ್ಲಿ ಮೈದಾನಕ್ಕೆ ಮರಳಿ 1989ರವರೆಗೂ ಆಡಿದ. ಶಸ್ತ್ರಚಿಕಿತ್ಸೆಗೆ ಅವನ ಹೆಸರೇ ಉಳಿಯಿತು. ಕೆಲವು ದಶಕಗಳಲ್ಲಿ ಅದೇ ಚಿಕಿತ್ಸೆಗೆ ಹೈಸ್ಕೂಲು ಮಕ್ಕಳು ಸಾಲು ನಿಂತರು. ಅಲಬಾಮದ ಬರ್ಮಿಂಗ್‌ಹ್ಯಾಮ್‌ನಲ್ಲಿ ಅಂಥ ಮಕ್ಕಳನ್ನು ನೋಡುತ್ತಿದ್ದ ಡಾ. ಜೇಮ್ಸ್ ಆಂಡ್ರೂಸ್ ಮತ್ತು ಅವರ ಸಂಗಡಿಗರು 2006ರಲ್ಲಿ ಒಂದು ಅಧ್ಯಯನ ಪ್ರಕಟಿಸಿದರು. ಕೈ ಸೋತ ಮೇಲೂ ಪದೇಪದೇ ಎಸೆಯುವ ಹುಡುಗರು ಶಸ್ತ್ರಚಿಕಿತ್ಸೆಯ ಮೇಜಿಗೆ ಬರುವ ಸಾಧ್ಯತೆ 36 ಪಟ್ಟು ಹೆಚ್ಚು ಎಂದಿತು ಅದು. ಮರುವರ್ಷ ಅಮೆರಿಕದ ಲಿಟಲ್ ಲೀಗ್, ಇನಿಂಗ್ಸ್ ಲೆಕ್ಕ ಬಿಟ್ಟು ಚೆಂಡಿನ ಲೆಕ್ಕಕ್ಕೆ ಬಂತು. ಹನ್ನೊಂದು ಹನ್ನೆರಡರ ಮಕ್ಕಳಿಗೆ ದಿನಕ್ಕೆ 85 ಎಸೆತ. 66 ಮುಟ್ಟಿದರೆ ಈಗಿನ ನಿಯಮದಂತೆ ನಾಲ್ಕು ದಿನ ವಿಶ್ರಾಂತಿ.

ಜಪಾನ್ ಅದೇ ಸಂಖ್ಯೆಗಳನ್ನು ಬೇರೆ ಕಣ್ಣಿನಿಂದ ನೋಡುತ್ತಿತ್ತು. 1998ರ ಕೋಶಿಯೆನ್‌ನಲ್ಲಿ ದೈಸುಕೆ ಮತ್ಸುಜಾಕಾ ಹದಿನೇಳು ಇನಿಂಗ್ಸ್‌ನ ಒಂದೇ ಪಂದ್ಯದಲ್ಲಿ 250 ಚೆಂಡು ಎಸೆದು ವೀರನಾದ. 2013ರ ವಸಂತದ ಪಂದ್ಯಾವಳಿಯಲ್ಲಿ ಹದಿನಾರರ ತೊಮೊಹಿರೊ ಅನ್ರಾಕು ಐದು ಪಂದ್ಯಗಳಲ್ಲಿ ಎಸೆದದ್ದು 772. ಆ ವರ್ಷವೇ ಅವನ ಮೊಣಕೈ ಕೆಟ್ಟಿತು. ನೋವು ನುಂಗಿ ಎಸೆಯುವುದೇ ಹುಡುಗರು ದೊಡ್ಡವರಾಗುವ ದಾರಿ ಎಂಬ ನಂಬಿಕೆ ಮಾತ್ರ ಕೆಡಲಿಲ್ಲ.

ಕೊಕುಬೊ ಮೇಷ್ಟ್ರು ಆ ನಂಬಿಕೆಗೆ ಅಡ್ಡ ನಿಂತರು. ಸಸಾಕಿಯ ಬದಲು ಬೇರೊಬ್ಬ ಹುಡುಗ ಎಸೆದ. ಎದುರಾಳಿ ಹನಾಮಾಕಿ ಹಿಗಾಶಿ, ಶೊಹೇ ಒತಾನಿ ಓದಿದ ಶಾಲೆ. ಓಫುನಾಟೊ 12-2ರಲ್ಲಿ ಸೋತಿತು. ಸಸಾಕಿ ಕೊನೆಯವರೆಗೂ ಬೆಂಚಿನ ಮೇಲೇ ಕೂತಿದ್ದ. ಎಸೆ ಎಂದಿದ್ದರೆ ಅವನು ಎಸೆಯುತ್ತಿದ್ದ, ಹಾಗೆ ಹೇಳುವುದು ತನ್ನಿಂದಾಗಲಿಲ್ಲ ಎಂಬರ್ಥದ ಮಾತನ್ನು ಪಂದ್ಯದ ನಂತರ ಕೊಕುಬೊ ಆಡಿದರು. ತೀರ್ಮಾನ ತನ್ನದು ಎಂದು ಹೊಣೆಯನ್ನೂ ಹೊತ್ತರು. ತನಗೆ ಎಸೆಯುವ ಆಸೆ ಇತ್ತು ಎಂಬುದನ್ನು ಸಸಾಕಿ ಮುಚ್ಚಿಡಲಿಲ್ಲ. ಮೇಷ್ಟ್ರನ್ನು ದೂರಲೂ ಇಲ್ಲ. ಶಾಲೆಯ ಫೋನು ಬೈಗುಳ ಕೇಳಿ ಕೇಳಿ ದಣಿಯಿತು. ಟೀವಿಯಲ್ಲಿ ಹಳೆಯ ಆಟಗಾರರು ಸಿಟ್ಟಾದರು.

ಸಿಟ್ಟಾದವರ ಮಾತನ್ನು ತಳ್ಳಿಹಾಕುವಂತಿಲ್ಲ. ಆ ತಂಡದಲ್ಲಿದ್ದ ಉಳಿದ ಹುಡುಗರಿಗೂ ಅದೇ ಕೊನೆಯ ಬೇಸಿಗೆ. ಸಸಾಕಿಗೆ ಮುಂದೆ ದೊಡ್ಡ ಮೈದಾನಗಳು ಕಾದಿದ್ದವು. ಅವರಲ್ಲಿ ಹೆಚ್ಚಿನವರಿಗೆ ಅದಕ್ಕಿಂತ ದೊಡ್ಡ ಪಂದ್ಯ ಇನ್ನು ಬರುವಂತಿರಲಿಲ್ಲ. ಒಬ್ಬನ ಮೊಣಕೈಗಾಗಿ ಎಲ್ಲರ ಕನಸನ್ನು ಬಲಿ ಕೊಡಬಹುದೇ? ಈ ಪ್ರಶ್ನೆ ಒಬ್ಬ ಮೇಷ್ಟ್ರ ಹೆಗಲ ಮೇಲೆ ಬಿದ್ದದ್ದೇ ಅನ್ಯಾಯ. ನಿಯಮವಿದ್ದಿದ್ದರೆ ಯಾರೂ ಯಾರನ್ನೂ ಬೈಯಬೇಕಿರಲಿಲ್ಲ, ಫೈನಲ್ ನಡುವೆ ಒಂದೆರಡು ದಿನ ಬಿಡುವಿದ್ದಿದ್ದರೆ ಪ್ರಶ್ನೆಯೇ ಹುಟ್ಟುತ್ತಿರಲಿಲ್ಲ. ಆ ನವೆಂಬರ್‌ನಲ್ಲಿ ಜಪಾನಿನ ಹೈಸ್ಕೂಲು ಬೇಸ್‌ಬಾಲ್ ಒಕ್ಕೂಟ ವಾರಕ್ಕೆ 500 ಎಸೆತದ ಮಿತಿ ತಂದಿತು. ಅಮೆರಿಕದ ಮಿತಿಗಳ ಪಕ್ಕದಲ್ಲಿಟ್ಟರೆ ಇದು ತೀರ ಸಡಿಲ. ಆದರೂ ಎಣಿಸಬೇಕು ಎಂಬುದನ್ನಾದರೂ ಒಪ್ಪಿಕೊಂಡ ಹಾಗಾಯಿತು.

ಎಣಿಸುವುದೂ ಸುಲಭವಲ್ಲ. ಶಾಲೆಯ ಕೋಚ್ ಶಾಲೆಯ ಚೆಂಡನ್ನಷ್ಟೇ ಎಣಿಸುತ್ತಾನೆ, ಕ್ಲಬ್ಬಿನವನು ಕ್ಲಬ್ಬಿನದನ್ನು. ಎರಡನ್ನೂ ಕೂಡಿಸುವವರು ಮನೆಯಲ್ಲಿರಬೇಕು. ಕ್ರಿಕೆಟ್ಟಿನ ಎಳೆಯ ವೇಗದ ಬೌಲರ್‌ಗಳ ಕಥೆಯೂ ಇದೇ. ಅಲ್ಲಿ ಬಿರುಕು ಬಿಡುವುದು ಮೊಣಕೈಯಲ್ಲ, ಸೊಂಟದ ಬಳಿಯ ಬೆನ್ನುಮೂಳೆ. ಬೆಳಿಗ್ಗೆ ಅಕಾಡೆಮಿಯ ನೆಟ್ಸ್, ಸಂಜೆ ಶಾಲೆಯ ಪಂದ್ಯ ಎಂದು ಓಡುವ ಮಗ ಒಟ್ಟು ಎಷ್ಟು ಚೆಂಡು ಹಾಕಿದ ಎಂದು ಕೇಳಿದರೆ ಉತ್ತರ ಯಾರ ಬಳಿಯೂ ಇರುವುದಿಲ್ಲ.

2022ರ ಏಪ್ರಿಲ್ 10ರಂದು ಚಿಬಾ ಲೊಟ್ಟೆ ತಂಡಕ್ಕಾಗಿ ಸಸಾಕಿ ಎದುರಾಳಿಯ ಒಬ್ಬನನ್ನೂ ಬೇಸ್ ಮುಟ್ಟಗೊಡದೆ ಪರ್ಫೆಕ್ಟ್ ಗೇಮ್ ಆಡಿದ. ಎಸೆದದ್ದು 105 ಚೆಂಡು. ಮುಂದಿನ ಭಾನುವಾರವೂ ಎಂಟು ಇನಿಂಗ್ಸ್ ಹಾಗೇ ನಡೆಯಿತು. 102 ಎಸೆತ ಆಗುತ್ತಲೇ ತಂಡದ ವ್ಯವಸ್ಥಾಪಕರು ಅವನನ್ನು ಹೊರಗೆ ಕರೆದರು. ಆ ಪಂದ್ಯವನ್ನೂ ತಂಡ ಸೋತಿತು. 2025ರಲ್ಲಿ ಅವನು ಅಮೆರಿಕಕ್ಕೆ ಹೋಗಿ ಡಾಜರ್ಸ್ ಸೇರಿದ. ಆ ಬೇಸಿಗೆಯೆಲ್ಲ ಭುಜದ ನೋವಿನಿಂದ ಹೊರಗುಳಿದು, ಸೀಸನ್ನಿನ ಕೊನೆಗೆ ಮರಳಿದ. ಎಷ್ಟು ಕಾಯ್ದರೂ ಕೈ ಕೈಯೇ, ನೋಯುತ್ತದೆ. 2019ರ ಆ ದಿನ ಎಸೆದಿದ್ದರೆ ಏನಾಗುತ್ತಿತ್ತೆಂದು ಯಾರೂ ಹೇಳಲಾರರು. ಏನೂ ಆಗದೆಯೂ ಇರಬಹುದಿತ್ತು. ಆಗಲೂ ಬೈಗುಳ ಮೇಷ್ಟ್ರಿಗೇ ಸಲ್ಲುತ್ತಿತ್ತು. ಅಷ್ಟು ತಿಳಿದೂ ಅವರು ಆ ಬೆಳಿಗ್ಗೆ ಪಟ್ಟಿಯಿಂದ ಹೆಸರು ಬಿಟ್ಟರು.