ಗುಟುಕಿನ ಸರದಿ

ಅಮರಕೋಶವನ್ನು ಬಾಯಿಪಾಠ ಮಾಡಿದವರಿಗೆ ಕೋಗಿಲೆಗೆ ‘ಪರಭೃತ’ವೆಂದೂ ಕಾಗೆಗೆ ‘ಪರಭೃತ್’ ಎಂದೂ ಹೆಸರಿರುವುದು ತಿಳಿದ ಸಂಗತಿ. ಮೊದಲನೆಯದು ಅನ್ಯರಿಂದ ಪೋಷಿತವಾದುದು. ಎರಡನೆಯದು ಅನ್ಯರನ್ನು ಪೋಷಿಸುವುದು. ಕೊನೆಯ ಒಂದು ಅಕಾರ ಇದ್ದರೆ ಉಣ್ಣುವವನು, ಇಲ್ಲದಿದ್ದರೆ ಉಣಿಸುವವನು. ಕವಿಗಳು ಉಂಡವನನ್ನು ಹೊಗಳಿ ದಣಿಯಲಿಲ್ಲ. ಉಣಿಸಿದವನ ಪಾಲಿಗೆ ಬಂದದ್ದು ನಿಂದೆ. ಪಕ್ಷಿಶಾಸ್ತ್ರಜ್ಞರ ವರ್ಗೀಕರಣದಲ್ಲಿ ಹಾಡುಹಕ್ಕಿಗಳ ಗಣಕ್ಕೆ ಸೇರಿರುವುದು ಕಾಗೆಯೇ ಹೊರತು ಕೋಗಿಲೆಯಲ್ಲ ಎಂಬುದನ್ನು ಕೇಳಿದರೆ ಆ ಕವಿಗಳು ಏನೆನ್ನುತ್ತಿದ್ದರೋ!

ಈ ಶ್ಲೋಕಗಳನ್ನು ಮೂವತ್ತು ವರ್ಷಗಳ ಕಾಲ ಮಕ್ಕಳಿಗೆ ಹೇಳಿಕೊಟ್ಟ ವೃದ್ಧ ಉಪಾಧ್ಯಾಯರೊಬ್ಬರು ನಿವೃತ್ತರಾದ ಮೇಲೆಯೇ ಒಂದು ಗೂಡನ್ನು ಕಣ್ಣಿಟ್ಟು ನೋಡಿದ್ದು. ಮನೆಯ ಜಗಲಿಗೆ ಹಬ್ಬಿದ್ದ ಮಲ್ಲಿಗೆಯ ಬಳ್ಳಿಯಲ್ಲಿ, ಕೈಗೆಟಕುವ ಎತ್ತರದಲ್ಲಿ, ಕೆಮ್ಮೀಸೆಯ ಪಿಕಳಾರದ ಜೋಡಿಯೊಂದು ನಾರು ಬೇರುಗಳಿಂದ ಬಟ್ಟಲಿನಂಥ ಗೂಡನ್ನು ಹೆಣೆದಿತ್ತು. ಮೂರು ಮೊಟ್ಟೆಗಳು. ಸುಮಾರು ಹನ್ನೆರಡು ದಿನಗಳ ಕಾವಿನ ಬಳಿಕ ಮೂರೂ ಒಡೆದು, ಪುಕ್ಕವಿಲ್ಲದ, ಕಣ್ಣು ತೆರೆಯದ, ಬಾಯೇ ಮೈಯಾದಂಥ ಮೂರು ಜೀವಗಳು ಹೊರಬಂದವು. ಉಪಾಧ್ಯಾಯರು ಮೊಮ್ಮಗನ ಹಳೆಯ ಸ್ಲೇಟೊಂದನ್ನು ತರಿಸಿಕೊಂಡು, ಹಕ್ಕಿ ಗುಟುಕು ತಂದಾಗಲೆಲ್ಲ ಒಂದೊಂದು ಗೀಟು ಎಳೆಯತೊಡಗಿದರು. ಜಪಮಣಿ ಎಣಿಸುವ ಕೈಗೆ ಇದೇನೂ ಕಷ್ಟದ ಕೆಲಸವಾಗಲಿಲ್ಲ.

ಗುಟುಕು ಕೊಡುವುದೆಂದರೆ ಬಾಯಿಗೆ ಹಾಕಿ ಹಾರಿಹೋಗುವುದಲ್ಲ. ತಂದದ್ದನ್ನು ಮರಿಯ ಗಂಟಲಿನ ಆಳಕ್ಕೆ ಇಳಿಸಿ ಹಕ್ಕಿ ಒಂದು ಕ್ಷಣ ಕಾಯುತ್ತದೆ. ಹಸಿದ ಮರಿ ಕೂಡಲೇ ನುಂಗುತ್ತದೆ. ಹೊಟ್ಟೆ ತುಂಬಿದ ಮರಿಯ ಗಂಟಲು ಸುಮ್ಮನಿರುತ್ತದೆ. ಆಗ ಅದನ್ನು ಹೊರಕ್ಕೆಳೆದು ಪಕ್ಕದ ಬಾಯಿಗೆ ಕೊಡುವುದುಂಟು. ಹಣ್ಣು ತಿಂದು ಬದುಕುವ ಪಿಕಳಾರವೂ ಎಳೆಯ ಮರಿಗಳಿಗೆ ಮೊದಲು ತರುವುದು ಕಂಬಳಿಹುಳು, ಮಿಡತೆಗಳನ್ನು. ಮೈ ಬೆಳೆಯಲು ಮಾಂಸದ ಸತ್ತ್ವ ಬೇಕು. ಬರುವಾಗ ತುತ್ತು ತಂದ ಹಕ್ಕಿ ಹೋಗುವಾಗ ಬರಿಗೈಯಲ್ಲಿ ಹೋಗುವುದಿಲ್ಲ. ಮರಿಯ ಮಲವು ಬಿಳಿಯ ತೆಳುಪೊರೆಯ ಚೀಲದಲ್ಲಿ ಬರುತ್ತದೆ. ಅದನ್ನು ಕೊಕ್ಕಿನಲ್ಲಿ ಕಚ್ಚಿ ದೂರ ಒಯ್ದು ಚೆಲ್ಲುತ್ತದೆ, ಎಳೆಯ ದಿನಗಳಲ್ಲಿ ತಾನೇ ನುಂಗಿಬಿಡುವುದೂ ಉಂಟು. ತಾಯ್ತನದ ವರ್ಣನೆಗೆ ಹಕ್ಕಿಯನ್ನು ಉಪಮಾನ ಮಾಡಿಕೊಂಡ ಕವಿಗಳು ಈ ಭಾಗವನ್ನು ಬಿಟ್ಟಿದ್ದಾರೆ. ಅದು ಸಹಜವೇ ಸರಿ.

ಆದರೆ ಅವರು ತಂದೆಯನ್ನೂ ಬಿಟ್ಟರು. ಗೂಡಿನ ಬಳಿ ಕಂಡ ಹಕ್ಕಿಯನ್ನೆಲ್ಲ ‘ತಾಯಿಹಕ್ಕಿ’ ಎನ್ನುವುದು ಕನ್ನಡ ನಾಲಗೆಗೆ ಅಂಟಿದ ರೂಢಿ. ನಿಜಸ್ಥಿತಿ ಹಕ್ಕಿಯಿಂದ ಹಕ್ಕಿಗೆ ಬೇರೆ. ಮಡಿವಾಳ ಹಕ್ಕಿಯಲ್ಲಿ ಕಾವು ಕೂರುವುದು ಹೆಣ್ಣೊಂದೇ, ಗುಟುಕು ತರುವುದು ಎರಡೂ. ಗಂಡು ಎತ್ತರದಲ್ಲಿ ಕುಳಿತು ಗಡಿ ಕಾಯುವುದರಲ್ಲಿಯೂ ತೊಡಗುತ್ತದೆ. ಕಾಗೆಯಲ್ಲಿ ಕಾವು ಕುಳಿತ ಹೆಣ್ಣಿಗೆ ಗಂಡು ಉಣಿಸುತ್ತದೆ. ಹರಟೆಮಲ್ಲಗಳದು ಅವಿಭಕ್ತ ಕುಟುಂಬ. ತಂದೆತಾಯಿಗಳಲ್ಲದೆ ಗುಂಪಿನ ಇತರರೂ ಮರಿಗಳಿಗೆ ತುತ್ತು ತರುತ್ತಾರೆ. ಇನ್ನು ಗೀಜಗ. ಆ ಗೂಡಿನ ನೇಯ್ಗೆಯನ್ನು ಮೆಚ್ಚದವರಿಲ್ಲ. ಮಂಗನಿಗೆ ಬುದ್ಧಿ ಹೇಳಿ ಗೂಡು ಕಳೆದುಕೊಂಡ ಗೀಜಗನ ಕಥೆಯನ್ನು ಅರಿಯದ ಮಕ್ಕಳೂ ಇಲ್ಲ. ನೇಯುವುದು ಗಂಡು. ಅರ್ಧ ನೇಯ್ದ ಗೂಡನ್ನು ಹೆಣ್ಣು ಒಪ್ಪಿ ಒಳಹೊಕ್ಕ ಮೇಲೆ ಗಂಡು ಅದನ್ನು ಪೂರೈಸಿ, ಬೇರೊಂದು ಹೆಣ್ಣಿಗಾಗಿ ಮತ್ತೊಂದು ಗೂಡಿಗೆ ಕೈಹಾಕುತ್ತದೆ. ಇದನ್ನು ಸಾಲಿಂ ಅಲಿಯವರು 1930ರ ದಶಕದ ಆರಂಭದಲ್ಲಿಯೇ ವಿವರಿಸಿದ್ದರು. ಮರಿಗಳಿಗೆ ಗುಟುಕು ಕೊಡುವ ಭಾರ ಬಹುಮಟ್ಟಿಗೆ ಹೆಣ್ಣಿನದೇ. ಮನೆ ಕಟ್ಟಿದವನಿಗೆ ಕೀರ್ತಿ ಬಂತು. ಮನೆ ನಡೆಸಿದವಳ ಹೆಸರು ಯಾವ ಕಥೆಯಲ್ಲಿಯೂ ಇಲ್ಲ.

ಹಕ್ಕಿಗಳಿಂದ ನೀತಿಪಾಠ ತೆಗೆಯಹೊರಟವರು ಎಚ್ಚರದಿಂದಿರಬೇಕೆಂಬುದಕ್ಕೆ ಇಂಗ್ಲೆಂಡಿನ ಒಂದು ಪ್ರಸಂಗವನ್ನು ಇಲ್ಲಿ ಹೇಳಬಹುದು. ಹತ್ತೊಂಬತ್ತನೆಯ ಶತಮಾನದಲ್ಲಿ ಪಕ್ಷಿಗ್ರಂಥಗಳನ್ನು ಬರೆದ ಮೋರಿಸ್ ಎಂಬ ಪಾದ್ರಿ, ಡನಕ್ ಎಂಬ ಕಂದುಬಣ್ಣದ ಪುಟ್ಟ ಹಕ್ಕಿಯ ವಿನಯವನ್ನೂ ಸರಳತೆಯನ್ನೂ ಮೆಚ್ಚಿ, ಅದನ್ನು ಜನರಿಗೆ ಮಾದರಿಯಾಗಿ ಎತ್ತಿ ಹಿಡಿದರು. 1980ರ ದಶಕದಲ್ಲಿ ನಿಕ್ ಡೇವಿಸ್ ಎಂಬ ವಿಜ್ಞಾನಿ ಕೇಂಬ್ರಿಜ್‌ನ ಸಸ್ಯೋದ್ಯಾನದಲ್ಲಿ ಅದೇ ಹಕ್ಕಿಯ ಸಂಸಾರವನ್ನು ಸೂಕ್ಷ್ಮವಾಗಿ ಪರೀಕ್ಷಿಸಿದಾಗ, ಒಂದು ಹೆಣ್ಣಿಗೆ ಇಬ್ಬರು ಗಂಡಂದಿರು ಇರುವುದೂ, ಮರಿಗಳಲ್ಲಿ ತನ್ನ ಪಾಲೆಷ್ಟಿರಬಹುದೋ ಅದಕ್ಕೆ ತಕ್ಕಂತೆ ಪ್ರತಿಯೊಂದು ಗಂಡೂ ಗುಟುಕು ತರುವುದೂ ಗೊತ್ತಾಯಿತು. ಪಾದ್ರಿಯವರ ಪುಣ್ಯ, ಆ ವೇಳೆಗೆ ಅವರು ಬದುಕಿರಲಿಲ್ಲ.

ಉಪಾಧ್ಯಾಯರ ಸ್ಲೇಟು ಏಳು ದಿನ ತುಂಬಿ ಅಳಿಸಿ ತುಂಬಿತು. ಮರಿಗಳ ಕಣ್ಣು ತೆರೆದು, ರೆಕ್ಕೆಯ ಮೇಲೆ ಪುಕ್ಕದ ಮೊಳಕೆಗಳು ಕಂಡಿದ್ದವು. ಒಂದು ಹಕ್ಕಿ ಬಂದು ಹೋಯಿತೆಂದರೆ ಮುಂದಿನದು ಹೆಚ್ಚಾಗಿ ಇನ್ನೊಂದರ ಸರದಿ ಎಂಬಂತೆ ಅವರಿಗೆ ತೋರುತ್ತಿತ್ತು. ಅದು ಕೇವಲ ಭಾವನೆಯಲ್ಲ. ಇಂಗ್ಲೆಂಡಿನ ಗ್ರೇಟ್ ಟಿಟ್ ಹಕ್ಕಿಗಳನ್ನು ಕುರಿತು 2014ರಲ್ಲಿ ಪ್ರಕಟವಾದ ಅಧ್ಯಯನವೊಂದು, ಸಂಗಾತಿಯ ಸರದಿ ಮುಗಿದ ಮೇಲೆ ಹಕ್ಕಿ ಬೇಗ ಬರುತ್ತದೆ, ತನ್ನ ಸರದಿಯೇ ಮುಗಿದಿದ್ದರೆ ತಡೆದು ಬರುತ್ತದೆ ಎಂದು ತೋರಿಸಿದೆ. ಒಂದು ದುಡಿದಷ್ಟೂ ಇನ್ನೊಂದು ದುಡಿಯುತ್ತದೆ.

ಎಂಟನೆಯ ದಿನ ಬೆಳಗ್ಗೆ ಬಳ್ಳಿಯ ಬುಡದಲ್ಲಿ ಒಂದಿಷ್ಟು ಪುಕ್ಕಗಳು ಬಿದ್ದಿದ್ದವು. ನೆರೆಮನೆಯ ಬೆಕ್ಕು ಗೋಡೆಯ ಮೇಲೆ ಕುಳಿತು ಮುಖ ತೊಳೆಯುತ್ತಿತ್ತು. ಉಳಿದದ್ದು ಒಂದೇ ಹಕ್ಕಿ.

ಬೇಡನ ಬಾಣಕ್ಕೆ ಕ್ರೌಂಚದ ಜೋಡಿಯಲ್ಲೊಂದು ಬಿದ್ದಾಗ ವಾಲ್ಮೀಕಿಗಳಿಗೆ ಶ್ಲೋಕ ಹೊರಟಿತು. ಉಳಿದ ಹಕ್ಕಿಯ ದುಃಖವನ್ನು ಲೋಕ ಅಂದಿನಿಂದ ಓದುತ್ತಿದೆ. ಆ ಹಕ್ಕಿ ಮರುದಿನ ಏನು ಮಾಡಿತೆಂದು ಯಾರೂ ಕೇಳಲಿಲ್ಲ. ಆ ಪ್ರಶ್ನೆಯನ್ನು ಕೇಳಿದವರು ವಿಜ್ಞಾನಿಗಳು. 1989ರಲ್ಲಿ ಪ್ರಕಟವಾದ ಪ್ರಯೋಗವೊಂದರಲ್ಲಿ, ಗೊರವಂಕದ ಬಂಧುವಾದ ಸ್ಟಾರ್ಲಿಂಗ್ ಜೋಡಿಗಳಲ್ಲಿ ಒಂದರ ಬಾಲಕ್ಕೆ ಸಣ್ಣ ತೂಕ ಕಟ್ಟಿ ಅದರ ದುಡಿಮೆಯನ್ನು ತಗ್ಗಿಸಲಾಯಿತು. ಸಂಗಾತಿ ತನ್ನ ದುಡಿಮೆಯನ್ನು ಹೆಚ್ಚಿಸಿತು. ಆದರೆ ಕೊರತೆಯನ್ನು ಪೂರ್ತಿಯಾಗಿ ತುಂಬಲಿಲ್ಲ. ಅನೇಕ ಜಾತಿಯ ಹಕ್ಕಿಗಳಲ್ಲಿ ಫಲಿತಾಂಶ ಬಹುಮಟ್ಟಿಗೆ ಇದೇ. ಇದು ನಿರ್ದಯವಲ್ಲ. ಒಂದರ ಆಲಸ್ಯವನ್ನು ಇನ್ನೊಂದು ಪೂರ್ಣವಾಗಿ ತುಂಬಿಕೊಡುವಂತಿದ್ದರೆ ಆಲಸಿಗೆ ನಷ್ಟವೇ ಇರುತ್ತಿರಲಿಲ್ಲ, ಜೋಡಿಯ ದುಡಿಮೆ ಉಳಿಯುತ್ತಲೂ ಇರಲಿಲ್ಲ ಎಂಬುದು ಶಾಸ್ತ್ರಜ್ಞರ ವಿವರಣೆ. ಇದರ ಜೊತೆಗೆ, ಒಂದು ಹಕ್ಕಿಯ ಮೈಗೂ ಒಂದು ಹಗಲಿಗೂ ಮಿತಿಯಿದೆ.

ಆ ದಿನ ಸ್ಲೇಟಿನ ಮೇಲಿನ ಗೀಟುಗಳು ಹಿಂದಿನ ದಿನಗಳ ಅರ್ಧಕ್ಕಿಂತ ಹೆಚ್ಚಿದ್ದವು, ಪೂರ್ತಿಗೆ ಬಹಳ ಕಡಮೆಯಿದ್ದವು. ಹಕ್ಕಿ ಕತ್ತಲಾಗುವವರೆಗೂ ಬರುತ್ತಿತ್ತು. ಮೂರನೆಯ ದಿನ ಚಿಕ್ಕ ಮರಿ ಕತ್ತೆತ್ತಲಿಲ್ಲ. ಉಪಾಧ್ಯಾಯರು ಹಿಟ್ಟಿನುಂಡೆ ಹಿಡಿದು ಬಳ್ಳಿಯ ಬಳಿ ನಿಂತವರು, ತಮ್ಮ ಕೈ ಕಂಡು ಹಕ್ಕಿ ಬೆದರಿ ಗೂಡನ್ನೇ ತೊರೆದೀತೆಂದು ಹಿಂದಕ್ಕೆ ಬಂದರು. ಉಳಿದೆರಡು ಮರಿಗಳು ಆ ವಾರದ ಕೊನೆಗೆ ಗೂಡಿನಿಂದ ಹೊರಬಿದ್ದು, ಕರವೀರದ ಪೊದೆಯಲ್ಲಿ ಕುಳಿತು ಬಾಯಿ ತೆರೆದವು. ಗುಟುಕು ಅಲ್ಲಿಗೇ ಹೋಗತೊಡಗಿತು.

ಸಂಜೆ ಪಾಠಕ್ಕೆ ಬಂದ ಹುಡುಗರಿಗೆ ಅವರು ಇದೆಲ್ಲವನ್ನೂ ಹೇಳಿದರು. ಹುಡುಗನೊಬ್ಬ, “ಗುರುಗಳೇ, ಬೆಕ್ಕು ತಿಂದದ್ದು ತಾಯಿಯನ್ನೋ ತಂದೆಯನ್ನೋ?” ಎಂದು ಕೇಳಿದ. ಪಿಕಳಾರದಲ್ಲಿ ಗಂಡಿಗೂ ಹೆಣ್ಣಿಗೂ ಅದೇ ಜುಟ್ಟು, ಅದೇ ಕೆಂಪು ಮೀಸೆ, ನೋಡಿ ಹೇಳುವಂತಿಲ್ಲ. ಉಪಾಧ್ಯಾಯರು ಸ್ಲೇಟನ್ನು ತಿರುಗಿಸಿ ನೋಡಿದರು. ಎರಡರ ಗೀಟುಗಳೂ ಒಂದೇ ಸಾಲಿನಲ್ಲಿದ್ದವು.