ಯುಕ್ಸಮ್‌ನಲ್ಲಿ ಕುಡಿದ ರಾಗಿ

ಜೋರ್‌ಥಾಂಗ್ ದಾಟಿ ಪಶ್ಚಿಮ ಸಿಕ್ಕಿಮಿನ ಏರುದಾರಿ ಹಿಡಿದ ಜೀಪಿನಲ್ಲಿ ಎಲ್ಲರೂ ಕಾಂಚನಜುಂಗಾ ಕಂಡೀತೇ ಎಂದು ಕತ್ತು ಹೊರಳಿಸುತ್ತಿದ್ದರು. ನನ್ನ ಕಣ್ಣು ಮಾತ್ರ ರಸ್ತೆ ಕೆಳಗಿನ ಮೆಟ್ಟಿಲು ಹೊಲಗಳಲ್ಲಿ ಸಿಕ್ಕಿಕೊಂಡಿತ್ತು. ಮುಸುಕಿನ ಜೋಳದ ಒಣ ದಂಟಿನ ಪಕ್ಕದಲ್ಲೇ ಮುಷ್ಟಿ ಬಿಗಿದ ತೆನೆಗಳು. ರಾಗಿ! ತುಮಕೂರು ಕಡೆಯ ಹೊಲವನ್ನು ಯಾರೋ ಮಡಚಿ ಬೆಟ್ಟಕ್ಕೆ ಒರಗಿಸಿಟ್ಟ ಹಾಗಿತ್ತು. ಅಲ್ಲಿ ಅದಕ್ಕೆ ಕೋದೋ ಎನ್ನುತ್ತಾರೆ. ಸಸಿ ಮಡಿ ಮಾಡಿ, ಮಳೆಗಾಲದಲ್ಲಿ ಜೋಳದ ಸಾಲಿನ ನಡುವೆ ಪೈರು ನಾಟಿ ಮಾಡುತ್ತಾರಂತೆ.

ಯುಕ್ಸಮ್ ಸುಮಾರು 1,780 ಮೀಟರ್ ಎತ್ತರದ ಊರು. ಸಿಕ್ಕಿಮಿನ ಮೊದಲ ಚೋಗ್ಯಾಲ್, ಅಂದರೆ ದೊರೆ, ಪಟ್ಟಕ್ಕೆ ಕೂತದ್ದು ಇಲ್ಲೇ. ಆ ಕಲ್ಲಿನ ಪೀಠ ನೋಡಿಬಂದೆ, ಚೆನ್ನಾಗಿದೆ. ಆದರೆ ನನ್ನನ್ನು ನಿಜಕ್ಕೂ ಮರುಳು ಮಾಡಿದ್ದು ಉಳಿದುಕೊಂಡಿದ್ದ ಲಿಂಬು ಜನಾಂಗದವರ ಮನೆಯ ಅಡುಗೆಕೋಣೆ.

ಒಲೆಯ ಮೇಲೆ ಇಡೀ ರಾಗಿ ಕುದಿಯುತ್ತಿತ್ತು. ನಾವು ಬೀಸುತ್ತೇವೆ, ಹುರಿಯುತ್ತೇವೆ, ಮೊಳಕೆ ಕಟ್ಟುತ್ತೇವೆ. ಕಾಳನ್ನು ಕಾಳಾಗಿಯೇ ಬೇಯಿಸಿದ್ದನ್ನು ನಾನು ಕಂಡೇ ಇರಲಿಲ್ಲ. ಅರ್ಧ ಗಂಟೆ ಬೆಂದ ಮೇಲೆ ಮನೆಯ ಹಿರಿಯಾಕೆ, ನಾನು ‘ಆಮಾ’ ಎಂದು ಕರೆಯುತ್ತಿದ್ದಾಕೆ, ನೀರು ಬಸಿದು ಬಿದಿರ ಚಾಪೆಯ ಮೇಲೆ ಕಾಳು ಹರವಿದರು. ಆರಿದ ಮೇಲೆ ಒಂದು ಬಿಳಿ ಬಿಲ್ಲೆಯನ್ನು ಪುಡಿ ಮಾಡಿ ಉದುರಿಸಿದರು. ಅದು ಮರ್ಚಾ, ರಾಗಿಯನ್ನು ಹುಳಿಸಿ ಮಾಡುವ ಮದ್ಯದ ಹೆಪ್ಪು. ನೆನೆಸಿದ ಅಕ್ಕಿಗೆ ಶುಂಠಿ, ಒಣಮೆಣಸಿನಕಾಯಿ, ಕಾಡಿನ ಬೇರು ಸೊಪ್ಪು, ಹಳೇ ಮರ್ಚಾದ ಚೂರು ಸೇರಿಸಿ ಕುಟ್ಟಿ, ಬಿಲ್ಲೆ ತಟ್ಟಿ, ಜರೀಗಿಡದ ಎಲೆಯ ಮೇಲಿಟ್ಟು ಒಣಗಿಸುತ್ತಾರೆ. ಆ ಬೇರುಗಳಲ್ಲಿ ನಮ್ಮ ನಾಟಿ ವೈದ್ಯರ ಚಿತ್ರಮೂಲವೂ ಒಂದು!

ಬಾರ್ಲಿ ಬಿಯರಿನ ಗುಟ್ಟು ಮೊಳಕೆಯಲ್ಲಿದೆ. ಮೊಳೆತ ಕಾಳು ತನ್ನದೇ ಕಿಣ್ವಗಳಿಂದ ತನ್ನ ಪಿಷ್ಟವನ್ನು ಸಕ್ಕರೆ ಮಾಡಿಕೊಳ್ಳುತ್ತದೆ, ಯೀಸ್ಟ್ ಆ ಸಕ್ಕರೆಯನ್ನು ಮದ್ಯವಾಗಿಸುತ್ತದೆ. ಬೇಯಿಸಿದ ರಾಗಿ ಮೊಳೆಯುವ ಮಾತೇ ಇಲ್ಲ. ಇಲ್ಲಿ ಪಿಷ್ಟ ಒಡೆಯುವ ಕೆಲಸ ಮರ್ಚಾದೊಳಗಿನ ಬೂಷ್ಟಿನದು, ಜೊತೆಗೆ ಪಿಷ್ಟವನ್ನೇ ತಿನ್ನಬಲ್ಲ ಒಂದು ಜಾತಿಯ ಯೀಸ್ಟಿನದು. ಸೂಕ್ಷ್ಮಜೀವಿ ವಿಜ್ಞಾನಿ ಜ್ಯೋತಿ ಪ್ರಕಾಶ್ ತಮಾಂಗ್ ಈ ಜೀವಿಗಳ ಮೇಲೆ ವರ್ಷಗಟ್ಟಲೆ ಕೆಲಸ ಮಾಡಿದ್ದಾರೆ. ಆಮಾ ಮಾತ್ರ ಅದನ್ನೆಲ್ಲ ಮೂಗಿನಿಂದಲೇ ತಿಳಿಯುತ್ತಿದ್ದರು. ಹೆಪ್ಪು ಬೆರೆತ ಕಾಳನ್ನು ತುಂಬಿಟ್ಟ, ಎಲೆ ಹಾಸಿದ ಬುಟ್ಟಿಗೆ ಬಗ್ಗಿ ಮೂಸಿ, ‘ಇನ್ನೂ ಇಲ್ಲ’ ಎಂದು ಮತ್ತೆ ಗೋಣಿ ಹೊದಿಸುವರು. ವಾಸನೆ ಹದಕ್ಕೆ ಬಂದರೆ ಮಡಕೆಗೆ ತುಂಬಿ ಬಾಯಿ ಬಿಗಿಯುವುದು. ಚಳಿಗಾಲದಲ್ಲಿ ಮಡಕೆಯೊಳಗೇ ವಾರ ಹಿಡಿಯುತ್ತದೆ.

ಸಂಜೆ ನನ್ನೆದುರು ಬಂದದ್ದು ಮೊದಲೇ ಮಾಗಿದ್ದ ಮಡಕೆಯದು. ಬಿದಿರಿನ ದಪ್ಪ ಪಾತ್ರೆ, ಅದೇ ತೊಂಗ್ಬಾ. ಅದರ ತುಂಬ ಕಂದು ಕಾಳು, ನಡುವೆ ನೆಟ್ಟ ಬಿದಿರ ಕೊಳವೆ. ಮೇಲೆ ಬಿಸಿನೀರು ಸುರಿದು, ‘ಅವಸರ ಬೇಡ’ ಎಂದರು. ಹತ್ತು ನಿಮಿಷ ಕಾದು ಹೀರಿದರೆ ಹದವಾದ ಹುಳಿ, ಅದರ ಹಿಂದೆ ಸಿಹಿ, ಎದೆಯೊಳಗೆ ಬೆಚ್ಚಗೆ ಇಳಿಯುವ ಹಾಲುಬಣ್ಣದ ದ್ರವ. ಒಂದು ಕಾಳೂ ಬಾಯಿಗೆ ಬರಲಿಲ್ಲ. ಕೊಳವೆ ಎತ್ತಿ ನೋಡಿದೆ. ತುದಿ ಮುಚ್ಚಿತ್ತು, ಸೀಳು ಪಕ್ಕದಲ್ಲಿತ್ತು. ಈ ಸೀಳನ್ನು ಮೊದಲು ಕೊರೆದ ಪುಣ್ಯಾತ್ಮ ಯಾರೋ!

ನೀರು ಮುಗಿದರೆ ಮತ್ತೆ ಸುರಿಯುತ್ತಾರೆ, ಕಾಳು ಮತ್ತೆ ರಸ ಬಿಡುತ್ತದೆ. ಹೀಗೆ ಹೀರುವುದು ಇಲ್ಲಿ ಮಾತ್ರವಲ್ಲ. ರಾಗಿಯ ತವರು ಪೂರ್ವ ಆಫ್ರಿಕಾದ ಎತ್ತರದ ನಾಡು. ಉಗಾಂಡದ ತೇಸೋ ಜನ ಇವತ್ತಿಗೂ ಅಜೋನ್ ಎಂಬ ರಾಗಿ ಬಿಯರನ್ನು ಬಿಸಿನೀರು ಹಾಕಿ, ಒಂದೇ ಮಡಕೆಯ ಸುತ್ತ ಕೂತು, ಉದ್ದುದ್ದ ಕೊಳವೆಯಲ್ಲಿ ಹೀರುತ್ತಾರೆ. ಅವರು ಮಾತ್ರ ರಾಗಿಯನ್ನು ಮೊಳಕೆ ಕಟ್ಟುತ್ತಾರೆ, ನಮ್ಮ ಅಜ್ಜಿಯರು ಕೂಸಿನ ಸರಿಗೆ ಕಟ್ಟುವ ಹಾಗೆಯೇ. ಅತ್ತ ಆಫ್ರಿಕಾ, ಇತ್ತ ಹಿಮಾಲಯ, ಎರಡೂ ಕಡೆ ಕೊಳವೆ, ಬಿಸಿನೀರು. ನಡುವೆ ದೇಶದಲ್ಲೇ ಅತಿ ಹೆಚ್ಚು ರಾಗಿ ಬೆಳೆಯುವ ನಾವು ಅದನ್ನು ಕೂಸಿಗೂ ಕೂಲಿಗೂ ಬಡಿಸಿ ಸುಮ್ಮನಿದ್ದೇವೆ! ಸಿಕ್ಕಿಮಿನಲ್ಲಿ ಬಾಣಂತಿಯರಿಗೂ ಬಲ ಬರಲೆಂದು ಈ ರಾಗಿ ಪಾನೀಯ ಕೊಡುವ ರೂಢಿಯಿದೆ. ರಸ ತೀರಿದ ಚರಟ ಹಂದಿಗೆ.

‘ನಿಮ್ಮ ಕಡೆ ಕೋದೋ ಏನು ಮಾಡ್ತೀರಿ?’ ಆಮಾ ಕೇಳಿದರು. ನನ್ನ ಹರಕು ಹಿಂದಿ ಮುದ್ದೆಯ ಹತ್ತಿರ ನಿಂತುಬಿಟ್ಟಿತು. ಕೋಲು ಹಿಡಿದು ತಿರುವುವುದನ್ನು ಕೈಯಲ್ಲೇ ಅಭಿನಯಿಸಿದೆ. ಮೊಮ್ಮಗಳು ಕಿಲಕಿಲ ನಕ್ಕು, ‘ಢಿಡೋ!’ ಎಂದು ಕೂಗಿದಳು. ಅವರ ಮನೆಯಲ್ಲೂ ಅದೇ ಹಿಟ್ಟು, ಅದೇ ತಿರುವು, ಜೊತೆಗೆ ಗುಂಡ್ರುಕ್ ಎಂಬ ಹುಳಿಸೊಪ್ಪಿನ ಸಾರು.

‘ಅಗಿದು ತಿಂತೀರಾ?’ ಆಮಾ ಪರೀಕ್ಷೆ ಮಾಡುವವರ ಹಾಗೆ ಕೇಳಿದರು.

‘ಇಲ್ಲ ಆಮಾ, ನುಂಗ್ತೀವಿ.’

‘ಸರಿ ಹಾಗಾದರೆ’ ಎಂದು ಕೆಟಲ್ ಎತ್ತಿಕೊಂಡರು.