ದೂರಕ್ಕೆ ಕಳುಹಿದ ನಾದ

ಉದ್ಯೋಗ ನಿಮಿತ್ತವಾಗಿ ನಾನು ಲಂಡನ್ನಿನಲ್ಲಿ ನೆಲೆಸಿದ್ದ ಕಾಲದ ಒಂದು ಪ್ರಸಂಗವನ್ನು ವಾಚಕರಲ್ಲಿ ನಿವೇದಿಸಬೇಕೆಂಬ ಆಸೆ ಬಹುದಿನಗಳಿಂದ ಮನಸ್ಸಿನಲ್ಲಿತ್ತು. 2019ನೆಯ ಇಸವಿಯು ಮೈಸೂರಿನ ಮಹಾರಾಜರಾಗಿದ್ದ ಶ್ರೀ ಜಯಚಾಮರಾಜೇಂದ್ರ ಒಡೆಯರವರ ಜನ್ಮಶತಾಬ್ದಿಯ ವರ್ಷ. ಆ ವರ್ಷದ ಏಪ್ರಿಲ್ ತಿಂಗಳಿನಲ್ಲಿ ಲಂಡನ್ನಿನ ಸುಪ್ರಸಿದ್ಧ ಫಿಲ್‌ಹಾರ್ಮೋನಿಯ ವಾದ್ಯವೃಂದವು ಅವರ ಸ್ಮರಣಾರ್ಥವಾಗಿ ಒಂದು ವಿಶೇಷ ಕಚೇರಿಯನ್ನು ನಡೆಸಿತು.

ಕುಣಿಗಲ್ ಕಡೆಯ ಹಳ್ಳಿಗಳಲ್ಲಿ ಮೇಷ್ಟರಾಗಿದ್ದ ನನ್ನ ತಂದೆಯವರು ನಿವೃತ್ತಿಯ ನಂತರ ತುಮಕೂರಿನ ಶೆಟ್ಟಿಹಳ್ಳಿಯಲ್ಲಿ ಪುಟ್ಟ ಮನೆಯೊಂದನ್ನು ಕಟ್ಟಿಕೊಂಡಿದ್ದರು. ಆ ದಿನಗಳಲ್ಲಿ ಅವರು ಹೃದ್ರೋಗದಿಂದ ಹಾಸಿಗೆ ಹಿಡಿದಿದ್ದರು. ನಾನು ಜನವರಿಯಲ್ಲಿ ಊರಿಗೆ ಹೋಗಿ ಬಂದಿದ್ದೆ, ರಜೆಯೆಲ್ಲವೂ ತೀರಿಹೋಗಿತ್ತು. ತಂದೆ ಅಲ್ಲಿ ನರಳುತ್ತಿರುವಾಗ ಮಗನಾದವನು ಇಲ್ಲಿ ಹಣ ತೆತ್ತು ಸಂಗೀತ ಕೇಳುವುದೇ ಎಂದು ಮನಸ್ಸು ಹಿಂಜರಿಯಿತು. ದೂರವಾಣಿಯಲ್ಲಿ ಈ ಸಂಗತಿಯನ್ನು ತಿಳಿಸಿದಾಗ ಅವರು ಒಂದೇ ಮಾತು ಹೇಳಿದರು: “ನಮ್ಮ ಮಹಾರಾಜರ ನೆನಪಿಗೆ ಅಂತ ಆ ದೇಶದವರು ನುಡಿಸ್ತಾರೆ ಅಂದಮೇಲೆ ನೀನು ಹೋಗಲೇಬೇಕು ಕಣಪ್ಪ. ಹೋಗಿ ಬಂದು ನನಗೆ ಹೇಳು.”

ಈ ಸಂಬಂಧದ ಹಿನ್ನೆಲೆಯನ್ನು ಇಲ್ಲಿ ಹೇಳುವುದು ಅಪ್ರಸ್ತುತವಾಗಲಾರದು. ಕರ್ನಾಟಕ ಸಂಗೀತದಲ್ಲಿ 94 ಕೃತಿಗಳನ್ನು ರಚಿಸಿದ ವಾಗ್ಗೇಯಕಾರರೆಂದು ನಾವು ಮಹಾರಾಜರನ್ನು ಬಲ್ಲೆವು. ಆದರೆ ತಾರುಣ್ಯದಲ್ಲಿ ಅವರ ಹಂಬಲವಿದ್ದುದು ಪಿಯಾನೋ ವಾದಕರಾಗಬೇಕೆಂದು. 1940ರಲ್ಲಿ ತಂದೆಯವರೂ ದೊಡ್ಡಪ್ಪಂದಿರಾದ ನಾಲ್ವಡಿ ಕೃಷ್ಣರಾಜ ಒಡೆಯರವರೂ ಒಬ್ಬರ ಹಿಂದೊಬ್ಬರು ಕಾಲವಾಗಲು, 21ನೆಯ ವಯಸ್ಸಿನಲ್ಲಿ ಸಿಂಹಾಸನದ ಹೊಣೆ ಅವರ ಹೆಗಲೇರಿತು. ತಾವು ನುಡಿಸಲಾಗದುದನ್ನು ಬಲ್ಲವರಿಂದ ನುಡಿಸಿ ಅವರು ತೃಪ್ತಿಪಟ್ಟರು. 1945ರಲ್ಲಿ ವಾಲ್ಟರ್ ಲೆಗ್ ಎಂಬವರು ಸ್ಥಾಪಿಸಿದ ಫಿಲ್‌ಹಾರ್ಮೋನಿಯಕ್ಕೆ ಧನಸಹಾಯ ನೀಡಿ, ಅದರ ಕಚೇರಿ ಸಂಘಕ್ಕೆ ಪ್ರಥಮ ಅಧ್ಯಕ್ಷರಾದರು. ಲಂಡನ್ನಿನಲ್ಲಿ ವೃದ್ಧಾಪ್ಯವನ್ನು ಕಳೆಯುತ್ತಿದ್ದ ರಷ್ಯದ ಸಂಗೀತಕಾರ ಮೆಟ್ನರ್ ಅವರ ಕೃತಿಗಳು ಧ್ವನಿಮುದ್ರಣವಾದುದೂ ಮಹಾರಾಜರ ಔದಾರ್ಯದಿಂದಲೇ. ಮೆಟ್ನರ್ ತಮ್ಮ ಮೂರನೆಯ ಪಿಯಾನೋ ಕಾನ್ಚೆರ್ಟೋವನ್ನು ಮೈಸೂರಿನ ಈ ಅರಸರಿಗೆ ಅರ್ಪಿಸಿದರು.

ಇವೆಲ್ಲಕ್ಕಿಂತ ನನ್ನ ಮನಸ್ಸನ್ನು ಕಲಕಿದ ಸಂಗತಿ ಬೇರೊಂದು. ಜರ್ಮನಿಯ ರಿಚರ್ಡ್ ಸ್ಟ್ರಾಸ್ ತಮ್ಮ ಕೊನೆಗಾಲದಲ್ಲಿ ನಾಲ್ಕು ಹಾಡುಗಳನ್ನು ರಚಿಸಿ, 1949ರ ಸೆಪ್ಟೆಂಬರಿನಲ್ಲಿ ತೀರಿಕೊಂಡರು. ಆ ಹಾಡುಗಳು ಮೊದಲು ಕೇಳಿಬಂದುದು 1950ರ ಮೇ 22ರಂದು, ಲಂಡನ್ನಿನ ರಾಯಲ್ ಆಲ್ಬರ್ಟ್ ಹಾಲ್‌ನಲ್ಲಿ. ಹಾಡಿದವರು ನಾರ್ವೆಯ ಕರ್ಸ್ಟೆನ್ ಫ್ಲಾಗ್‌ಸ್ಟಾಡ್; ನಿರ್ದೇಶಿಸಿದವರು ಫುರ್ಟ್‌ವೆಂಗ್ಲರ್; ನುಡಿಸಿದುದು ಫಿಲ್‌ಹಾರ್ಮೋನಿಯ. ಆ ಕಚೇರಿಗೆ 4,800 ಡಾಲರುಗಳ ಭರವಸೆ ನೀಡಿದವರು ನಮ್ಮ ಮಹಾರಾಜರು. ರಚಿಸಿದವರು ಕೇಳಲು ಉಳಿದಿರಲಿಲ್ಲ. ನಡೆಸಿಕೊಟ್ಟವರು ಅಲ್ಲಿಗೆ ಹೋಗಲಾಗಲಿಲ್ಲ. ಕಚೇರಿಯನ್ನು ಧ್ವನಿಮುದ್ರಿಸಿ ಮೈಸೂರಿಗೆ ಕಳುಹಿಸಲಾಯಿತು.

ಆ ಸಂಜೆ ನಾನು ಸಭಾಂಗಣದ ಹಿಂದಿನ ಸಾಲೊಂದರಲ್ಲಿ ಕುಳಿತೆ. ಪಿಟೀಲು, ಕೊಳಲು, ಕಹಳೆ, ನಗಾರಿಗಳವರೆಲ್ಲ ತಮತಮಗೆ ತೋಚಿದ್ದನ್ನು ನುಡಿಸುತ್ತಿದ್ದು, ಸಂತೆಯ ಗದ್ದಲದಂತಿತ್ತು. ಇದ್ದಕ್ಕಿದ್ದಂತೆ ಎಲ್ಲವೂ ನಿಂತು, ನಡುವಿನಿಂದ ಓಬೋ ಎಂಬ ವಾದ್ಯದ ಒಂದೇ ಸ್ವರ ಎದ್ದಿತು. ನಮ್ಮ ನಾದಸ್ವರದಂತೆ ಜೋಡಿ ಪೀಪಿಯ ಊದುವಾದ್ಯ ಅದು. ಆ ಒಂದು ಸ್ವರಕ್ಕೆ ಮಿಕ್ಕವರೆಲ್ಲರೂ ತಮ್ಮ ಶ್ರುತಿಯನ್ನು ಹೊಂದಿಸಿಕೊಂಡರು. ಬಾಲ್ಯದಲ್ಲಿ ಶ್ರೀಮಠದ ವಿದ್ಯಾರ್ಥಿ ನಿಲಯದಲ್ಲಿದ್ದಾಗ, ಸಂಜೆಯ ಪ್ರಾರ್ಥನೆಯಲ್ಲಿ ಮುಂದಿನವನು ಎತ್ತಿದ ದನಿಗೆ ಸಾವಿರಾರು ಕೊರಳುಗಳು ಕೂಡಿಕೊಳ್ಳುತ್ತಿದ್ದುದು ನೆನಪಾಗಿ ಕಣ್ಣು ತುಂಬಿತು. ಅನಂತರ ನುಡಿಸಿದ ಕೃತಿಗಳ ಶಾಸ್ತ್ರವನ್ನು ವಿವರಿಸುವ ಅಧಿಕಾರ ನನಗಿಲ್ಲ. ಆದರೆ ತಂದೆಯವರಿಗೆ ಹೇಳಬೇಕಾಗಿದ್ದುದರಿಂದ, ನನ್ನ ಜೀವಮಾನದಲ್ಲಿ ಎಂದೂ ಕೇಳದಷ್ಟು ಗಮನವಿಟ್ಟು ಕೇಳಿದೆ.

ರಾತ್ರಿ ಹತ್ತಕ್ಕೆ ಹೊರಗೆ ಬಂದಾಗ ಶೆಟ್ಟಿಹಳ್ಳಿಯಲ್ಲಿ ಎರಡೂವರೆ ಗಂಟೆ. ಬೆಳಿಗ್ಗೆ ಮಾತನಾಡಿದರಾಯಿತೆಂದು ಹೊರಟಿದ್ದೆ. ಅಷ್ಟರಲ್ಲಿ ದೂರವಾಣಿ ಬಾರಿಸಿತು. ತಂದೆಯವರು ಮಲಗಿರಲೇ ಇಲ್ಲ. “ಎಷ್ಟು ಜನ ನುಡಿಸಿದರು? ಅಷ್ಟೂ ಜನ ಒಟ್ಟಿಗೆ ಹೇಗಪ್ಪ ನಿಲ್ಲಿಸ್ತಾರೆ? ನಮ್ಮವರ ಹೆಸರು ಅಚ್ಚು ಹಾಕಿಸಿದ್ದರಾ?” ಎಂದು ಕೇಳುತ್ತಲೇ ಹೋದರು. ಥೇಮ್ಸ್ ನದಿಯ ದಂಡೆಯ ಚಳಿಯಲ್ಲಿ ನಿಂತು ಒಂದು ಗಂಟೆಯ ಕಾಲ ಎಲ್ಲವನ್ನೂ ಹೇಳಿದೆ. ನಡುವೆ ಅವರ ಕಡೆಯಿಂದ ರೈಲೊಂದು ಹಾದುಹೋದ ಸದ್ದು ಕೇಳಿಸಿತು.

ಜೂನ್ ತಿಂಗಳಿನಲ್ಲಿ ತಂದೆಯವರು ಲಿಂಗೈಕ್ಯರಾದರು. ನಾನು ಊರು ಸೇರುವಷ್ಟರಲ್ಲಿ ಕ್ರಿಯಾಸಮಾಧಿ ಮುಗಿದಿತ್ತು. ಕೊನೆಯ ಮುಖದರ್ಶನವೂ ದೊರೆಯದ ಮಗನೆಂಬ ಕೊರಗು ಇಂದಿಗೂ ನನ್ನನ್ನು ಬಿಟ್ಟಿಲ್ಲ. ಆ ದಿನ ಮಾತಿಲ್ಲದೆ ಕುಳಿತಿದ್ದ ನನಗೆ ತಾಯಿಯವರು ಹೇಳಿದರು: “ನೀನು ಫೋನಿನಲ್ಲಿ ಹೇಳಿದೆಯಲ್ಲ, ಆವತ್ತಿನಿಂದ ಮನೆಗೆ ಬಂದವರಿಗೆಲ್ಲ ಅದನ್ನೇ ಹೇಳೋರು ಮಗ. ಅಲ್ಲಿ ಯಾರೋ ಒಬ್ಬ ಶ್ರುತಿ ಕೊಡ್ತಾನಂತೆ, ಅಷ್ಟೂ ಜನ ಅದಕ್ಕೆ ಸೇರಿಕೊಳ್ತಾರಂತೆ ಅಂತ. ಅದನ್ನ ಹೇಳುವಾಗ ಎದ್ದು ಕೂತುಕೊಳ್ಳೋರು.”